ಆಟದ ಗುರು ಜೇಮ್ಸ್ ನೈಸ್ಮಿತ್ ಅವರ ಚರಿತ್ರೆ

ತುಮಕೂರು ನಗರದಲ್ಲಾಗಲಿ ಗುಬ್ಬಿ ಕುಣಿಗಲುಗಳಲ್ಲಾಗಲಿ ಹೈಸ್ಕೂಲಿಗೆ ಹೋಗುವ ಮಕ್ಕಳು ಸಂಜೆ ತಡವಾಗಿ ಮನೆಗೆ ಬಂದು, ಬಾಸ್ಕೆಟ್ ಬಾಲ್ ಆಡಿ ಬಂದೆವೆಂದು ಹೇಳಿದರೆ ಅನೇಕ ತಂದೆತಾಯಿಗಳಿಗೆ ಅದು ರುಚಿಸುವುದಿಲ್ಲ. ಓದುವ ಹೊತ್ತು ಹಾಳಾಯಿತೆಂದು ಕೆಲವರೂ, ಭಕ್ತಿಯುಳ್ಳ ಮನೆಯ ಮಕ್ಕಳಿಗೆ ಚೆಂಡಾಟವು ತಕ್ಕದ್ದಲ್ಲವೆಂದು ಮತ್ತೆ ಕೆಲವರೂ ಗದರಿಸುವುದುಂಟು. ಆ ಆಟವನ್ನು ಕಂಡುಹಿಡಿದವರು ದೈವಜ್ಞಾನ ಶಾಲೆಯಲ್ಲಿ ಓದಿ ಸಭಾಬೋಧಕರಾಗಬೇಕಾಗಿದ್ದ ಒಬ್ಬ ಮನುಷ್ಯರೆಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ಇದೇ ಗದರಿಕೆಯನ್ನು ಅವರೂ ತಮ್ಮ ಕಾಲದಲ್ಲಿ ಕೇಳಿದವರೇ. ಆದಕಾರಣ ಅವರ ಚರಿತ್ರೆಯನ್ನು ಇಲ್ಲಿ ಬರೆಯುತ್ತೇನೆ.

ಜೇಮ್ಸ್ ನೈಸ್ಮಿತನು 1861ನೆಯ ಇಸವಿ ನವೆಂಬರ್ 6ರಲ್ಲಿ ಕೆನಡಾ ದೇಶದ ಒಂಟಾರಿಯೋ ಸೀಮೆಯ ಆಲ್ಮಾಂಟ್ ಎಂಬ ಊರಿನ ಬಳಿ ಹುಟ್ಟಿದನು. ತಂದೆತಾಯಿಗಳು ಸ್ಕಾಟ್ಲೆಂಡಿನ ಮೂಲದವರು. ತಂದೆಯು ಮರ ಕೊಯ್ಯುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದನು. 1870ರಲ್ಲಿ ಆ ಸ್ಥಳಕ್ಕೆ ವಿಷಮಶೀತ ಜ್ವರವು ಬಂದು, ಕೆಲವೇ ವಾರಗಳ ಅಂತರದಲ್ಲಿ ತಂದೆಯೂ ತಾಯಿಯೂ ತೀರಿಕೊಂಡರು. ಹುಡುಗನಿಗೆ ಆಗ 9 ವರುಷ. ಅಕ್ಕ ಆನಿ, ತಮ್ಮ ರಾಬಿ ಇವರೊಂದಿಗೆ ಅಜ್ಜಿಯ ಆಶ್ರಯದಲ್ಲಿದ್ದು, ಆಕೆಯೂ ಹೋದ ಮೇಲೆ ಪೀಟರ್ ಎಂಬ ಸೋದರಮಾವನ ಹೊಲಮನೆಯಲ್ಲಿ ಬೆಳೆದನು. ಈ ಮಾವನು ಬಾಯಿ ಬಿಗಿದ ಮನುಷ್ಯ. ಒಂದು ಸಾರಿ ಚಳಿಗಾಲದಲ್ಲಿ ಹುಡುಗನು ಕುದುರೆಬಂಡಿ ಹೊಡೆದುಕೊಂಡು ಹೆಪ್ಪುಗಟ್ಟಿದ ಹೊಳೆಯನ್ನು ದಾಟುವಾಗ ಮಂಜುಗಡ್ಡೆ ಒಡೆದು ಕುದುರೆಗಳು ನೀರಿಗೆ ಬಿದ್ದುವಂತೆ. ಹೇಗೋ ಹೆಣಗಾಡಿ ಅವುಗಳನ್ನು ದಡಕ್ಕೆಳೆದು ತಲೆಯೆತ್ತಿ ನೋಡಿದರೆ, ಮಾವನು ಮರಗಳ ಮರೆಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದನೆಂದು ಹೇಳುತ್ತಾರೆ. ಸಹಾಯಕ್ಕೆ ಅವನು ಕೈ ಚಾಚಲಿಲ್ಲ. ಮುಂದೆ ನೈಸ್ಮಿತ್ ಅವರು ಉಪಾಧ್ಯಾಯರಾದಾಗ ಆಟಗಾರರನ್ನು ತಮ್ಮ ಪಾಡಿಗೆ ಬಿಟ್ಟು ನೋಡುತ್ತಿದ್ದ ರೀತಿಯನ್ನು ತಿಳಿಯಬೇಕಾದರೆ ಈ ಮಾವನನ್ನು ನೆನೆಯಬೇಕು.

ಆ ಊರಿನ ಹುಡುಗರು ಆಡುತ್ತಿದ್ದ ಆಟವೊಂದುಂಟು. ದೊಡ್ಡ ಬಂಡೆಯ ಮೇಲೆ ಚಿಕ್ಕ ಕಲ್ಲೊಂದನ್ನಿಟ್ಟು ದೂರದಿಂದ ಕಲ್ಲೆಸೆದು ಅದನ್ನು ಕೆಡವಬೇಕು. ಕಾವಲಿನ ಹುಡುಗನು ಮುಟ್ಟುವುದರೊಳಗೆ ತನ್ನ ಕಲ್ಲನ್ನು ತೆಗೆದುಕೊಂಡು ಓಡಿಬರಬೇಕು. ನಮ್ಮ ಲಗೋರಿಯ ದೂರದ ನೆಂಟನೆನ್ನಬಹುದು. ಬಿರುಸಾಗಿ ನೇರಕ್ಕೆ ಎಸೆದವನ ಕಲ್ಲು ಬಹಳ ದೂರ ಹೋಗಿ ಬೀಳುತ್ತಿತ್ತು, ಅವನು ಸಿಕ್ಕಿಬೀಳುತ್ತಿದ್ದನು. ಕಮಾನಿನಂತೆ ಮೆಲ್ಲಗೆ ಮೇಲಕ್ಕೆಸೆದವನೇ ಗೆಲ್ಲುತ್ತಿದ್ದನು. ಈ ಸಣ್ಣ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಲಿ.

ಹದಿನೈದರ ಪ್ರಾಯದಲ್ಲಿ ಜೇಮ್ಸನು ಶಾಲೆ ಬಿಟ್ಟು ಕಾಡಿನಲ್ಲಿ ಮರ ಕಡಿಯುವ ಕೂಲಿಗೆ ಹೋದನು. ಅಲ್ಲಿಯವರೊಂದಿಗೆ ಕುಡಿಯುವುದನ್ನೂ ಕಲಿತನು. ಒಂದು ದಿನ ಸಾರಾಯಿ ಅಂಗಡಿಯಲ್ಲಿ ಅಪರಿಚಿತನೊಬ್ಬನು ಅವನ ತಾಯಿಯ ಹೆಸರು ಹೇಳಿ, ನೀನು ಆಕೆಯ ಮಗನಲ್ಲವೇ, ಇದನ್ನು ಕಂಡಿದ್ದರೆ ಆಕೆ ಎಷ್ಟು ನೊಂದುಕೊಳ್ಳುತ್ತಿದ್ದಳೆಂಬ ಅರ್ಥದ ಮಾತನ್ನಾಡಿದನೆಂದೂ, ಅಂದಿನಿಂದ ಅವನು ಲೋಟವನ್ನು ಮುಟ್ಟಲಿಲ್ಲವೆಂದೂ ಚರಿತ್ರಕಾರರು ಬರೆದಿದ್ದಾರೆ. ಸುಮಾರು 20ನೆಯ ವಯಸ್ಸಿನಲ್ಲಿ, ತನಗಿಂತ ಬಹಳ ಚಿಕ್ಕ ಹುಡುಗರ ನಡುವೆ ಬೆಂಚಿನ ಮೇಲೆ ಕುಳಿತು ಹೈಸ್ಕೂಲು ಓದನ್ನು ಮುಗಿಸಿದನು. 1883ರಲ್ಲಿ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯವನ್ನು ಸೇರಿ 1887ರಲ್ಲಿ ಬಿ.ಎ. ಪದವಿಯನ್ನು ಪಡೆದನು. ಅನಂತರ ಅದೇ ನಗರದ ಪ್ರೆಸ್ಬಿಟೇರಿಯನ್ ದೈವಜ್ಞಾನ ಶಾಲೆಯಲ್ಲಿ ಮೂರು ವರುಷ ಓದಿದನು.

ಇಲ್ಲಿಯೇ ತೊಡಕು ಹುಟ್ಟಿತು. ದೈವಜ್ಞಾನದ ವಿದ್ಯಾರ್ಥಿಯು ಮೈದಾನದಲ್ಲಿ ರಗ್ಬಿ ಎಂಬ ಒರಟಾದ ಚೆಂಡಾಟವಾಡುವುದನ್ನು ಕಂಡು, ಜೊತೆಯ ವಿದ್ಯಾರ್ಥಿಗಳು ಕೂಡಿಬಂದು ಅವನ ಆತ್ಮದ ಕ್ಷೇಮಕ್ಕಾಗಿ ಪ್ರಾರ್ಥನೆ ಮಾಡಿದರು! ಆಟದಲ್ಲಿ ಪೆಟ್ಟು ತಿಂದು ಕಪ್ಪಾದ ಕಣ್ಣುಗಳೊಡನೆ ಅವನು ಪ್ರಸಂಗಪೀಠವನ್ನು ಹತ್ತಿದ್ದೂ ಉಂಟು. ಹೀಗಿರಲಾಗಿ ಒಂದು ದಿನ ಆಟದ ನಡುವೆ ಪಕ್ಕದ ಆಟಗಾರನು ಕೋಪಗೊಂಡು ಕೆಟ್ಟ ಬೈಗುಳನ್ನಾಡಿ, ಒಡನೆಯೇ ತಿರುಗಿ, ನೀನು ಇರುವುದನ್ನು ಮರೆತೆನೆಂದು ಕ್ಷಮೆ ಕೇಳಿದನು. ನೈಸ್ಮಿತನು ಅವನಿಗೆ ಒಂದು ಮಾತನ್ನಾದರೂ ಬೋಧಿಸಿರಲಿಲ್ಲ. ಸುಮ್ಮನೆ ಜೊತೆಯಲ್ಲಿ ಆಡುತ್ತಿದ್ದನಷ್ಟೆ. ಪ್ರಸಂಗಪೀಠದ ಹೊರಗೂ ಮನುಷ್ಯರಿಗೆ ಒಳ್ಳೇದನ್ನು ಮಾಡುವ ದಾರಿಯುಂಟೆಂದು ಅವನಿಗೆ ಆಗ ತೋಚಿತು. ಶಾಲೆ ಮುಗಿದ ಮೇಲೆ 1890ರಲ್ಲಿ ಸಭೆಯ ಕೆಲಸವನ್ನು ಹಿಡಿಯದೆ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿ ವೈ.ಎಂ.ಸಿ.ಎ. ಎಂಬ ಕ್ರೈಸ್ತ ಯುವಕರ ಸಂಘದವರು ನಡೆಸುತ್ತಿದ್ದ ತರಬೇತಿನ ಶಾಲೆಗೆ ಹೊರಟುಹೋದನು. ಅಕ್ಕ ಆನಿಯು ಇದನ್ನು ಎಂದಿಗೂ ಮನಸಾರೆ ಒಪ್ಪಲಿಲ್ಲ. ಆಕೆಯನ್ನು ದೂರುವುದು ಸುಲಭ. ಆದರೆ ತಂದೆತಾಯಿಯಿಲ್ಲದ ತಮ್ಮನು ಬೋಧಕನಾಗುವನೆಂದು ವರುಷಗಟ್ಟಲೆ ಎದುರುನೋಡಿದ ಅಕ್ಕನ ಮನಸ್ಸನ್ನೂ ಸ್ವಲ್ಪ ಯೋಚಿಸಬೇಕು.

1891ರ ಚಳಿಗಾಲದಲ್ಲಿ ಆ ಶಾಲೆಯಲ್ಲಿ 18 ಮಂದಿ ಯುವಕರ ಒಂದು ತರಗತಿಯಿತ್ತು. ಹೊರಗೆ ಹಿಮ ಬೀಳುತ್ತಿದ್ದುದರಿಂದ ಮನೆಯೊಳಗೆ ಕವಾಯತು ಮಾಡುವುದೊಂದೇ ಗತಿ. ಅವರಿಗೆ ಅದು ಬೇಸರವಾಗಿ, ಇಬ್ಬರು ಉಪಾಧ್ಯಾಯರನ್ನು ಸೋಲಿಸಿ ಕಳುಹಿಸಿದ್ದರು. ಮುಖ್ಯಸ್ಥರಾದ ಲೂಥರ್ ಗುಲಿಕ್ ಅವರು ತರಗತಿಯನ್ನು ನೈಸ್ಮಿತ್ ಅವರಿಗೆ ಒಪ್ಪಿಸಿ, ದೀಪದ ಬೆಳಕಿನಲ್ಲಿ ಒಳಗೇ ಆಡಬಹುದಾದ ಹೊಸ ಆಟವೊಂದನ್ನು 14 ದಿವಸಗಳಲ್ಲಿ ಕಂಡುಹಿಡಿಯಬೇಕೆಂದರು. ಹೊರಗಿನ ಆಟಗಳನ್ನೇ ಒಳಗೆ ಆಡಿಸಿ ನೋಡಿದರು. ಗೋಡೆಗೂ ಮೈಗೂ ಪೆಟ್ಟು ಬಿದ್ದುದಲ್ಲದೆ ಬೇರೆ ಫಲವಿಲ್ಲ. ಗಡುವು ಮುಗಿಯುತ್ತಾ ಬಂದಾಗ ಅವರು ಆಟಗಳ ಬೇರನ್ನೇ ಹುಡುಕತೊಡಗಿದರು. ಮನುಷ್ಯರು ಒಬ್ಬರನ್ನೊಬ್ಬರು ಕೆಡವುವುದು ಏತಕ್ಕೆ? ಚೆಂಡನ್ನು ಹಿಡಿದು ಓಡುವವನನ್ನು ತಡೆಯುವುದಕ್ಕೆ. ಹಾಗಾದರೆ ಚೆಂಡು ಹಿಡಿದವನು ಓಡಲೇಬಾರದೆಂದು ವಿಧಿಸಿದರೆ ಕೆಡವುವ ಕಾರಣವೇ ಇರುವುದಿಲ್ಲ. ಗುರಿಯು ಎದುರಿಗೆ ನೆಟ್ಟಗೆ ನಿಂತಿದ್ದರೆ ಬಲವಾಗಿ ಎಸೆಯುತ್ತಾರೆ. ತಲೆಯ ಮೇಲೆ ಅಡ್ಡಲಾಗಿ ಬಾಯ್ದೆರೆದಿದ್ದರೆ ಕಮಾನಿನಂತೆ ಮೆಲ್ಲಗೆ ಎಸೆಯಲೇಬೇಕು. ಬಂಡೆಯ ಮೇಲಿನ ಕಲ್ಲಿನಾಟವು ಆಗ ಅವರ ನೆನಪಿಗೆ ಬಂತು.

ಗುರಿಗಾಗಿ ಎರಡು ಪೆಟ್ಟಿಗೆಗಳು ಬೇಕೆಂದು ಕಟ್ಟಡದ ಜವಾನನನ್ನು ಕೇಳಿದರು. ಪೆಟ್ಟಿಗೆ ಇರಲಿಲ್ಲ. ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಅವನು ತಂದುಕೊಟ್ಟನು. ಅವುಗಳನ್ನು ಎರಡು ತುದಿಗಳಲ್ಲಿ ಮೇಲುಪ್ಪರಿಗೆಯ ಅಂಚಿಗೆ ಮೊಳೆ ಹೊಡೆದು ನಿಲ್ಲಿಸಿದರು. ಆ ಅಂಚು ನೆಲದಿಂದ 10 ಅಡಿ ಎತ್ತರವಿತ್ತು. ಇಂದಿಗೂ ಲೋಕದ ಎಲ್ಲಾ ಕಡೆಗಳಲ್ಲಿ ಅದೇ 10 ಅಡಿ. 13 ನಿಯಮಗಳನ್ನು ಬರೆದು ಹಲಗೆಗೆ ಅಂಟಿಸಿದರು. ಡಿಸೆಂಬರ್ 21ರಂದು ಪಕ್ಷಕ್ಕೆ 9 ಮಂದಿಯಂತೆ ನಡೆದ ಮೊದಲನೆಯ ಆಟದಲ್ಲಿ ಚೆಂಡು ಬುಟ್ಟಿಗೆ ಬಿದ್ದುದು ಒಂದೇ ಸಾರಿ. ಬಿದ್ದ ಚೆಂಡನ್ನು ಏಣಿ ಹಾಕಿ ತೆಗೆಯಬೇಕಾಗಿತ್ತು. ಬುಟ್ಟಿಯ ತಳವನ್ನು ತೆಗೆದುಬಿಡುವ ಯೋಚನೆ ಬರುವುದಕ್ಕೆ ಇನ್ನೂ ಕಾಲ ಹಿಡಿಯಿತು. ಕುಣಿಗಲಿನ ಮೇದರವನಾದರೆ ಮೊದಲ ದಿನವೇ ಹೇಳುತ್ತಿದ್ದನೇನೋ! ಮೇಲೆ ಕುಳಿತು ನೋಡುವವರು ಕೈ ಚಾಚಿ ತಮ್ಮ ಪಕ್ಷಕ್ಕೆ ಚೆಂಡನ್ನು ತಳ್ಳಿಕೊಡುತ್ತಿದ್ದುದರಿಂದ ಬುಟ್ಟಿಯ ಹಿಂದೆ ಅಡ್ಡಹಲಗೆ ಬಂತು. ಆಟಕ್ಕೆ ನೈಸ್ಮಿತ್ ಅವರ ಹೆಸರನ್ನೇ ಇಡೋಣವೆಂದು ತರಗತಿಯ ತಂಟೆಕೋರನಾಗಿದ್ದ ಯುವಕನು ಹೇಳಿದಾಗ ಅವರು ನಕ್ಕು ಬೇಡವೆಂದರು. ಬುಟ್ಟಿಯೂ ಚೆಂಡೂ ಇದ್ದುದರಿಂದ ಬಾಸ್ಕೆಟ್ ಬಾಲ್ ಎಂಬ ಹೆಸರು ನಿಂತಿತು.

1894ರಲ್ಲಿ ಅವರು ಮಾಡ್ ಶೆರ್ಮನ್ ಎಂಬ ಕನ್ಯೆಯನ್ನು ಮದುವೆಯಾದರು. ಮೊದಮೊದಲು ಈ ಆಟವನ್ನಾಡಿದ ಸ್ತ್ರೀಯರಲ್ಲಿ ಈಕೆ ಒಬ್ಬಳು. ಡೆನ್ವರ್ ನಗರದಲ್ಲಿ ಕೆಲಸ ಮಾಡುತ್ತಾ ವೈದ್ಯಶಾಸ್ತ್ರವನ್ನು ಓದಿ, 1898ರಲ್ಲಿ ವೈದ್ಯಪದವಿ ಪಡೆದು, ಅದೇ ವರುಷ ಕಾನ್ಸಾಸ್ ವಿಶ್ವವಿದ್ಯಾನಿಲಯಕ್ಕೆ ಬಂದರು. ಅಲ್ಲಿ ಪ್ರಾರ್ಥನೆಯನ್ನು ನಡೆಸುವುದೂ ದೇಹಶಿಕ್ಷಣವನ್ನು ಕಲಿಸುವುದೂ ಅವರ ಕೆಲಸ. 1907ರ ವರೆಗೆ ವಿದ್ಯಾರ್ಥಿಗಳ ತಂಡಕ್ಕೆ ಅವರೇ ಗುರುಗಳು. ಆ ತಂಡವು ಗೆದ್ದ ಆಟಗಳು 55, ಸೋತವು 60. ಕಾನ್ಸಾಸಿನ ತಂಡದ ಗುರುಗಳಲ್ಲಿ ಗೆಲವಿಗಿಂತ ಸೋಲು ಹೆಚ್ಚಾದವರು ಆಟವನ್ನು ಕಂಡುಹಿಡಿದ ಇವರೊಬ್ಬರೇ. ಇದರಿಂದ ಅವರಿಗೆ ನಾಚಿಕೆಯಾದಂತೆ ಕಾಣುವುದಿಲ್ಲ. ಆಟವಿರುವುದು ಆಡುವುದಕ್ಕೆ, ಅದಕ್ಕೆ ಗುರು ಬೇಕಿಲ್ಲವೆಂಬುದು ಅವರ ಮತ. ಶಿಷ್ಯನಾದ ಫಾಗ್ ಅಲೆನ್ ತನ್ನನ್ನು ಬೇರೊಂದು ಕಾಲೇಜಿನವರು ತರಬೇತುದಾರನಾಗಿ ಕರೆದಿದ್ದಾರೆಂದು ಹೇಳಿದಾಗ ಅವರು ನಕ್ಕರಂತೆ. ಆ ಅಲೆನ್ನನೇ ಅವರ ಸ್ಥಾನಕ್ಕೆ ಬಂದು, 1956ರಲ್ಲಿ ನಿವೃತ್ತನಾಗುವುದರೊಳಗೆ ಕಾನ್ಸಾಸಿಗೆ 590 ಆಟಗಳನ್ನು ಗೆದ್ದುಕೊಟ್ಟನು. ಅಲೆನ್ನನ ತಂಡದಲ್ಲಿ ಆಡಿ, ನೈಸ್ಮಿತ್ ಅವರಲ್ಲಿಯೂ ಪಾಠ ಕೇಳಿದ ಅಡಾಲ್ಫ್ ರಪ್ ಎಂಬವನು ಫ್ರೀಪೋರ್ಟ್ ಊರಿನ ಹೈಸ್ಕೂಲಿನಲ್ಲಿ ಹುಡುಗರಿಗೆ ಆಟ ಕಲಿಸಿ, 1930ರಲ್ಲಿ ಕೆಂಟಕಿ ವಿಶ್ವವಿದ್ಯಾನಿಲಯಕ್ಕೆ ಹೋಗಿ ಬಹಳ ಹೆಸರುವಾಸಿಯಾದನು. ಗುರು ಬೇಡವೆಂದವರಿಂದಲೇ ಗುರುಪರಂಪರೆ ಹೊರಟಿತು.

ಆದರೆ ನಮ್ಮ ಸಭೆಗಳವರು ತಿಳಿಯಬೇಕಾದ ಶಿಷ್ಯನು ಮತ್ತೊಬ್ಬನು. ಜಾನ್ ಮೆಕ್‌ಲೆಂಡನ್ ಎಂಬ ಕಪ್ಪು ಜನಾಂಗದ ಯುವಕನು 1933ರಲ್ಲಿ ಕಾನ್ಸಾಸಿಗೆ ಓದಲು ಬಂದನು. ತಂದೆಯು ಅವನನ್ನು ನೇರವಾಗಿ ನೈಸ್ಮಿತ್ ಅವರ ಬಳಿಗೆ ಹೋಗೆಂದು ಕಳುಹಿಸಿದ್ದನು. ಹುಡುಗನು ಅವರ ಕೋಣೆಗೆ ಹೋಗಿ, ನೀವೇ ನನಗೆ ಮಾರ್ಗದರ್ಶಕರೆಂದು ನಮ್ಮ ತಂದೆ ಹೇಳಿದ್ದಾರೆ ಎಂದನು. ವೃದ್ಧರು ಮರುಮಾತಿಲ್ಲದೆ ಒಪ್ಪಿಕೊಂಡರು. ಕಪ್ಪು ಜನರನ್ನು ಆಗ ವಿಶ್ವವಿದ್ಯಾನಿಲಯದ ತಂಡಕ್ಕೆ ಸೇರಿಸುತ್ತಿರಲಿಲ್ಲ. ಪದವಿಗೆ ಈಜು ಕಲಿಯುವುದು ಕಡ್ಡಾಯವಾಗಿದ್ದರೂ ಅವರನ್ನು ಕೊಳಕ್ಕೆ ಇಳಿಸುತ್ತಿರಲಿಲ್ಲ. ಮೆಕ್‌ಲೆಂಡನ್ ಇಳಿದನು. ಕೊಳದ ನೀರನ್ನೆಲ್ಲಾ ಹೊರಗೆ ಬಿಟ್ಟುಬಿಟ್ಟರು.

ಊರ ಬಾವಿಯ ಮೆಟ್ಟಿಲಿನಿಂದ ಹಿಂದಕ್ಕೆ ಅಟ್ಟಲ್ಪಟ್ಟವರ ಮಕ್ಕಳೂ ಮೊಮ್ಮಕ್ಕಳೂ ಈ ಸಂಗತಿಯನ್ನು ಬೇರೆ ದೇಶದ್ದೆಂದು ಓದಲಾರರು. ನಮ್ಮ ದೇಶದಲ್ಲಿಯೂ 1927ರಲ್ಲಿ ಡಾಕ್ಟರ್ ಅಂಬೇಡ್ಕರ್ ಅವರು ಜನರನ್ನು ಕರೆದುಕೊಂಡು ಹೋಗಿ ಮಹಾಡದ ಕೆರೆಯ ನೀರನ್ನು ಕುಡಿದಾಗ, ಮೇಲಿನವರೆನಿಸಿಕೊಂಡವರು ಆ ಕೆರೆಯನ್ನೇ ಶುದ್ಧಿ ಮಾಡಿದರಲ್ಲವೇ. ಕಾನ್ಸಾಸಿನಲ್ಲಿ ಹುಡುಗನು ಹಟ ಬಿಡಲಿಲ್ಲ. ನೈಸ್ಮಿತ್ ಅವರು ಅವನ ಪಕ್ಷವನ್ನು ಹಿಡಿದರು, ಕಡೆಗೆ ಕೊಳವು ತೆರೆಯಿತು. ತಂಡದ ಬಾಗಿಲು ಮಾತ್ರ ತೆರೆಯಲಿಲ್ಲ. ಅದಕ್ಕೆ 1950ರ ದಶಕವೇ ಬರಬೇಕಾಯಿತು. ಅವರು ಅಷ್ಟು ದೊಡ್ಡ ಹೆಸರಿನವರಾಗಿದ್ದೂ ಇದನ್ನು ಮಾಡಿಸಲಾಗಲಿಲ್ಲವೆಂಬುದನ್ನು ಮರೆಮಾಡಿ ಬರೆಯುವುದು ನ್ಯಾಯವಲ್ಲ. ಆಡಲು ಸ್ಥಳವಿಲ್ಲದ ಶಿಷ್ಯನಿಗೆ ಆಡಿಸುವ ವಿದ್ಯೆಯನ್ನು ಕಲಿಸಿದರು. ಲಾರೆನ್ಸ್ ಊರಿನ ಹೈಸ್ಕೂಲಿನಲ್ಲಿ ಪಾಠ ಹೇಳಿ ಅಭ್ಯಾಸ ಮಾಡಲು ಅವನಿಗೆ ಅವಕಾಶ ಮಾಡಿಕೊಟ್ಟರು. 1936ರಲ್ಲಿ ಅವನು ದೇಹಶಿಕ್ಷಣದ ಪದವಿ ಪಡೆದನು. ಆ ವಿಶ್ವವಿದ್ಯಾನಿಲಯದಲ್ಲಿ ಆ ಪದವಿಯನ್ನು ಹೊಂದಿದ ಕಪ್ಪು ಜನಾಂಗದವರಲ್ಲಿ ಅವನೇ ಮೊದಲಿಗನು. ಮುಂದೆ ಉತ್ತರ ಕ್ಯಾರೊಲೈನದಲ್ಲಿ ಕಪ್ಪು ಜನರ ಕಾಲೇಜೊಂದರ ತಂಡಕ್ಕೆ ಗುರುವಾದನು. 1944ರ ಮಾರ್ಚಿಯಲ್ಲಿ ಒಂದು ಭಾನುವಾರ, ಊರಿನವರು ಆರಾಧನೆಯಲ್ಲಿದ್ದ ಹೊತ್ತಿನಲ್ಲಿ, ಬಾಗಿಲಿಗೆ ಬೀಗ ಹಾಕಿಕೊಂಡು ಡ್ಯೂಕ್ ವೈದ್ಯಶಾಲೆಯ ಬಿಳಿಯ ಯುವಕರೊಡನೆ ಗುಟ್ಟಾಗಿ ಆಡಿಸಿ, 88ಕ್ಕೆ 44ರಂತೆ ಗೆದ್ದನು. ಆ ಮೇಲೆ ಎರಡು ಪಕ್ಷದವರೂ ಬೆರೆತು ಮತ್ತೊಂದು ಆಟವಾಡಿದರು. ಟೆನ್ನೆಸಿಯ ಕಾಲೇಜಿಗೆ ಹೋಗಿ 1957, 1958, 1959 ಈ ಮೂರು ವರುಷಗಳಲ್ಲಿಯೂ ರಾಷ್ಟ್ರೀಯ ಬಿರುದನ್ನು ಗೆದ್ದನು.

ನೈಸ್ಮಿತ್ ಅವರ ಕಡೆಯ ವರುಷಗಳಿಗೆ ಬರೋಣ. ಬಿಟ್ಟುಬಂದ ಬೋಧಕ ಪದವಿಯು ಅವರನ್ನು ಬಿಡಲಿಲ್ಲ. 1916ರಲ್ಲಿ ಅವರಿಗೆ ದೀಕ್ಷೆಯಾಗಿ, ಸೈನಿಕರ ಬೋಧಕರಾಗಿ ಮೆಕ್ಸಿಕೋ ಗಡಿಗೂ, ಅನಂತರ ಮಹಾಯುದ್ಧದಲ್ಲಿ ಕ್ರೈಸ್ತ ಯುವಕರ ಸಂಘದ ಕೆಲಸಕ್ಕಾಗಿ ಫ್ರಾನ್ಸಿಗೂ ಹೋದರು. ಆಟದಿಂದ ಅವರು ಹಣ ಮಾಡಲಿಲ್ಲ. 1936ರಲ್ಲಿ ಬರ್ಲಿನ್ನಿನ ಒಲಿಂಪಿಕ್ ಆಟಗಳಲ್ಲಿ ಬಾಸ್ಕೆಟ್ ಬಾಲ್ ಮೊದಲ ಸಾರಿ ಸೇರಿದಾಗ ಅಲ್ಲಿಗೆ ಹೋಗಲು ಅವರಲ್ಲಿ ಹಣವಿರಲಿಲ್ಲ. ಆಟದ ತರಬೇತುದಾರರು ಪ್ರೇಕ್ಷಕರಿಂದ ಕಾಸು ಕಾಸು ಕೂಡಿಸಿ ಕಳುಹಿಸಿದರು. ಹೆಂಡತಿಯು ಕಾಯಿಲೆ ಬಿದ್ದುದರಿಂದ ಒಬ್ಬರೇ ಹೋದರು. ಕಡೆಯ ಆಟವು ಬಯಲಿನಲ್ಲಿ, ಸುರಿಯುವ ಮಳೆಯಲ್ಲಿ, ಕೆಸರಿನಲ್ಲಿ ನಡೆಯಿತು. ಎದುರುಬದುರಾಗಿ ನಿಂತವು ಅವರು ಹುಟ್ಟಿದ ಕೆನಡಾ ಮತ್ತು ಅವರು ಪ್ರಜೆಯಾದ ಅಮೆರಿಕ. ಅಮೆರಿಕವು 19ಕ್ಕೆ 8ರಂತೆ ಗೆದ್ದಿತು. ಯಾವ ಪಕ್ಷ ಗೆಲ್ಲಲೆಂದು ಆ ವೃದ್ಧರು ಕೋರಿದರೋ ದೇವರೇ ಬಲ್ಲನು. ಮರುವರುಷ ಹೆಂಡತಿಯು ತೀರಿಕೊಂಡಳು. 1939ನೆಯ ಇಸವಿ ನವೆಂಬರ್ 28ರಂದು ಲಾರೆನ್ಸ್ ಊರಿನಲ್ಲಿ, 78ನೆಯ ವಯಸ್ಸಿನಲ್ಲಿ, ನೈಸ್ಮಿತ್ ಅವರೂ ನಿದ್ರೆಹೋದರು.

ಆಟವು ನಮ್ಮ ಕಡೆಗೆ ಬಂದ ಬಗೆಯನ್ನೂ ಹೇಳಬೇಕು. ಮೊದಲ 18 ಮಂದಿಯಲ್ಲಿ ಒಬ್ಬನಾದ ಡಂಕನ್ ಪ್ಯಾಟನ್ 1894ರಲ್ಲಿ ಇದನ್ನು ಹಿಂದೂದೇಶಕ್ಕೆ ತಂದನೆಂದು ಹೇಳುವುದುಂಟು. ಆದರೆ ದಕ್ಷಿಣದ ಹೈಸ್ಕೂಲುಗಳ ಅಂಗಳಗಳಲ್ಲಿ ಆಟಗಳು ಕ್ರಮವಾಗಿ ಬೇರೂರುವುದಕ್ಕೆ ಹ್ಯಾರಿ ಕ್ರೋ ಬಕ್ ಎಂಬವರ ಶ್ರಮವೇ ಬಹುಮಟ್ಟಿಗೆ ಕಾರಣ. ಅಮೆರಿಕದಿಂದ ಬಂದ ಇವರು 1920ರಲ್ಲಿ ಮದರಾಸಿನಲ್ಲಿ ಕ್ರೈಸ್ತ ಯುವಕರ ಸಂಘದ ಆಶ್ರಯದಲ್ಲಿ ದೇಹಶಿಕ್ಷಣದ ಶಾಲೆಯನ್ನು ತೆರೆದಾಗ ವಿದ್ಯಾರ್ಥಿಗಳು ಐದೇ ಮಂದಿ. 1924ರಲ್ಲಿ ಪ್ಯಾರಿಸಿನ ಒಲಿಂಪಿಕ್ ಆಟಗಳಿಗೆ ಹೋದ ಭಾರತದ ತಂಡವನ್ನು ನಡೆಸಿಕೊಂಡು ಹೋದವರೂ ಇವರೇ. ಆಟಗಳ ನಿಯಮಗಳನ್ನು ಕೂಡಿಸಿ ಇವರು ಬರೆದ ಪುಸ್ತಕವು ಬಹುಕಾಲ ಶಾಲೆಗಳಲ್ಲಿ ಬಳಕೆಯಲ್ಲಿತ್ತು. ಇವರ ಶಾಲೆಯಲ್ಲಿ ಕಲಿತುಬಂದವರು ಹೈಸ್ಕೂಲುಗಳಲ್ಲಿ ಡ್ರಿಲ್ ಮೇಷ್ಟ್ರುಗಳಾಗಿ, ಎರಡು ಕಂಬ ನೆಟ್ಟು ಕಬ್ಬಿಣದ ಬಳೆ ಬಿಗಿದು, ಹುಡುಗರನ್ನು ಕೂಗಿ ಕರೆದು ಆಡಿಸಿದರು. ಬಕ್ ಅವರು 1943ರಲ್ಲಿ ಮದರಾಸಿನಲ್ಲಿಯೇ ತೀರಿಕೊಂಡರು. ಆ ಶಾಲೆಯು ಕಾಲೇಜಾಗಿ ಬೆಳೆದು ಈಗಲೂ ಚೆನ್ನೈಯ ನಂದನಂ ಎಂಬಲ್ಲಿ ನಡೆಯುತ್ತಿದೆ.