ಹಿಮದ ಬೀದಿಗೆ ಪೊರಕೆ ಹಿಡಿದ ಕರ್ನಲ್

ಮಕ್ಕಳೇ, ಮಳೆ ಬಂದಾಗ ನಿಮ್ಮ ಊರಿನ ರಸ್ತೆಯ ಮೇಲೆ ಬಿದ್ದ ನೀರು ಏನಾಗುತ್ತದೆ? ಇಳಿಜಾರಿನ ಕಡೆಗೆ ಹರಿದು ಚರಂಡಿ ಸೇರುತ್ತದೆ, ಅಲ್ಲವೇ? ನೀರಿನ ಬದಲು ಹಿಮ ಬಿದ್ದರೆ? ಹಿಮ ಹರಿಯುವುದಿಲ್ಲ, ಬಿದ್ದಲ್ಲೇ ರಾಶಿಯಾಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಹೊಸದಾಗಿ ಬಿದ್ದ 10 ಸೆಂ.ಮೀ. ಹಿಮ ಕರಗಿದರೆ ಸುಮಾರು 1 ಸೆಂ.ಮೀ. ನೀರಾಗುತ್ತದೆ. 100 ಮೀಟರ್ ಉದ್ದ, 10 ಮೀಟರ್ ಅಗಲದ ಒಂದು ಬೀದಿಯಲ್ಲಿ 50 ಸೆಂ.ಮೀ. ಹಿಮ ಬಿತ್ತು ಎನ್ನಿ. ಅದರ ತೂಕ ಸುಮಾರು 50 ಟನ್! ಇಂಥ ಸಾವಿರಾರು ಬೀದಿಗಳಿರುವ ನಗರದಲ್ಲಿ ಈ ಹಿಮವನ್ನೆಲ್ಲ ಎತ್ತುವವರು ಯಾರು? ಎಲ್ಲಿಗೆ ಸಾಗಿಸುವುದು?

ಅಮೆರಿಕದ ನ್ಯೂಯಾರ್ಕ್ ನಗರಕ್ಕೆ ಈ ಪ್ರಶ್ನೆ 1888ರ ಮಾರ್ಚ್ ತಿಂಗಳಲ್ಲಿ ಬಹಳ ಕಠಿಣವಾಗಿ ಎದುರಾಯಿತು. ಆಗ ಬೀಸಿದ ಹಿಮಬಿರುಗಾಳಿಯಲ್ಲಿ ನಗರದ ಮೇಲೆ ಸುಮಾರು 53 ಸೆಂ.ಮೀ. ಹಿಮ ಸುರಿಯಿತು. ಗಾಳಿ ಅದನ್ನು ಬಾಚಿ ಬಾಚಿ ಗುಡ್ಡೆ ಹಾಕಿತು. ರೈಲುಗಳು ನಿಂತವು, ತಂತಿಗಳು ಹರಿದು ಬಿದ್ದವು. ಆ ನಗರವೊಂದರಲ್ಲೇ ಸುಮಾರು 200 ಜನ ಪ್ರಾಣ ಕಳೆದುಕೊಂಡರು.

ಏಳು ವರ್ಷಗಳ ನಂತರ ಇದೇ ನಗರದ ಬೀದಿಗಳ ಹೊಣೆ ಹೊತ್ತವರು ಜಾರ್ಜ್ ವೇರಿಂಗ್. ಅವರ ಜೀವನಕಥೆಯನ್ನು ಈಗ ತಿಳಿಯೋಣ.

ವೇರಿಂಗ್ ಹುಟ್ಟಿದ್ದು 1833ರ ಜುಲೈ 4ರಂದು, ನ್ಯೂಯಾರ್ಕ್ ರಾಜ್ಯದ ಪೌಂಡ್ ರಿಡ್ಜ್ ಎಂಬ ಊರಿನಲ್ಲಿ. ಅವರು ಮೊದಲು ಕಲಿತದ್ದು ಕೃಷಿ ವಿಜ್ಞಾನ. ಹೊಲದಲ್ಲಿ ನಿಂತ ನೀರನ್ನು ಹೊರಗೆ ಹರಿಸುವುದು ಹೇಗೆ ಎಂಬುದು ಅವರ ಮೆಚ್ಚಿನ ವಿಷಯವಾಗಿತ್ತು. 1857ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಎಂಬ ದೊಡ್ಡ ಉದ್ಯಾನದ ಕೆಲಸ ಶುರುವಾಯಿತು. ಅಲ್ಲಿನ ಜೌಗು ನೆಲದ ನೀರನ್ನು ಬಸಿಯುವ ಕೆಲಸ ವೇರಿಂಗ್ ಅವರ ಪಾಲಿಗೆ ಬಂತು. ನೆಲದೊಳಗೆ ಮಣ್ಣಿನ ಕೊಳವೆಗಳನ್ನು ಹೂಳಿಸಿ ಅದನ್ನು ಸಾಧಿಸಿದರು. ಮುಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಕುದುರೆ ಸವಾರರ ಪಡೆಗೆ ಕರ್ನಲ್ ಆದರು. ಯುದ್ಧ ಮುಗಿದ ಮೇಲೂ ಜನ ಅವರನ್ನು ಕರ್ನಲ್ ಎಂದೇ ಕರೆದರು.

1878ರಲ್ಲಿ ಮೆಂಫಿಸ್ ಎಂಬ ನಗರದಲ್ಲಿ ಹಳದಿ ಜ್ವರ ಹರಡಿ 5,000ಕ್ಕೂ ಹೆಚ್ಚು ಜನ ಸತ್ತರು. 1880ರಲ್ಲಿ ವೇರಿಂಗ್ ಆ ನಗರಕ್ಕೆ ಹೊಸ ಒಳಚರಂಡಿ ಕಟ್ಟಿಸಿದರು. ಕೊಳೆತ ವಸ್ತುಗಳಿಂದ ಏಳುವ ಕೆಟ್ಟ ಗಾಳಿಯೇ ಇಂಥ ರೋಗಗಳಿಗೆ ಕಾರಣ ಎಂದು ಅವರು ಬಲವಾಗಿ ನಂಬಿದ್ದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1895ರಲ್ಲಿ ನ್ಯೂಯಾರ್ಕಿನ ಮೇಯರ್ ವಿಲಿಯಂ ಸ್ಟ್ರಾಂಗ್ ಅವರು ವೇರಿಂಗ್ ಅವರನ್ನು ಬೀದಿ ಸ್ವಚ್ಛತಾ ಇಲಾಖೆಯ ಮುಖ್ಯಸ್ಥರನ್ನಾಗಿ ನೇಮಿಸಿದರು. ಆಗಿನ ಬೀದಿಗಳ ಸ್ಥಿತಿ ಹೇಗಿತ್ತು ಗೊತ್ತೇ? ಮೋಟಾರು ವಾಹನಗಳು ಇನ್ನೂ ಬಂದಿರಲಿಲ್ಲ. ಎಲ್ಲೆಲ್ಲೂ ಕುದುರೆಗಳು, ಎಲ್ಲೆಲ್ಲೂ ಲದ್ದಿ. ರಾತ್ರಿಯಾದರೆ ಕುದುರೆ ಬಿಚ್ಚಿದ ಸಾವಿರಾರು ಗಾಡಿಗಳು ರಸ್ತೆಯಲ್ಲೇ ನಿಲ್ಲುತ್ತಿದ್ದವು. ಒಲೆಯ ಬೂದಿ, ಅಡಿಗೆಮನೆಯ ಕಸ ಎಲ್ಲವೂ ಬೀದಿಗೇ ಬರುತ್ತಿತ್ತು. ಚಳಿಗಾಲದಲ್ಲಿ ಇದರ ಮೇಲೆ ಹಿಮ ಬೀಳುತ್ತಿತ್ತು. ಗೊರಸು, ಚಕ್ರಗಳು ಅದನ್ನು ತುಳಿದು ಗಟ್ಟಿ ಮಾಡುತ್ತಿದ್ದವು. ರಾತ್ರಿಯ ಚಳಿಗೆ ಅದು ಮಂಜುಗಡ್ಡೆಯಾಗಿ ಹೆಪ್ಪುಗಟ್ಟುತ್ತಿತ್ತು. ಕರಗಿದರೆ ಕೊಳೆತ ಕೆಸರು, ಹೆಪ್ಪುಗಟ್ಟಿದರೆ ಕಾಲು ಜಾರಿಸುವ ಬಂಡೆ! ಗುಡಿಸುವ ಕೆಲಸ ಸಿಗುತ್ತಿದ್ದುದು ಪಕ್ಷದವರ ಶಿಫಾರಸಿನಿಂದ. ಹೀಗಿರುವಾಗ ಕೆಲಸ ಮಾಡದಿದ್ದರೂ ಕೇಳುವವರು ಇರಲಿಲ್ಲ.

ವೇರಿಂಗ್ ಮೊದಲು ಶಿಫಾರಸನ್ನು ನಿಲ್ಲಿಸಿದರು. ರಸ್ತೆಯಲ್ಲಿ ನಿಂತ ಗಾಡಿಗಳನ್ನು ತೆಗೆಸಿದರು. ಬೂದಿ, ಅಡಿಗೆ ಕಸ, ಒಣ ಕಸ ಇವನ್ನು ಬೇರೆ ಬೇರೆಯಾಗಿ ಕೊಡಬೇಕೆಂದು ಜನರಿಗೆ ತಿಳಿಸಿದರು. ಗುಡಿಸುವವರಿಗೆ ಬಿಳಿ ಸಮವಸ್ತ್ರ ಕೊಟ್ಟರು. ಗಲೀಜು ಕೆಲಸಕ್ಕೆ ಬಿಳಿ ಬಟ್ಟೆಯೇ ಎಂದು ಜನ ನಕ್ಕರು. ಆದರೆ ಬಿಳಿ ಎಂದರೆ ಆಸ್ಪತ್ರೆಯ ಶುಚಿತ್ವದ ಬಣ್ಣ. ಕೆಲಸ ಬಿಟ್ಟು ಅಡ್ಡಾಡಿದರೆ ದೂರದಿಂದಲೇ ಕಾಣುವ ಬಣ್ಣವೂ ಹೌದು! 1896ರಲ್ಲಿ ಈ ಕಾರ್ಮಿಕರು ನಗರದ ಮುಖ್ಯ ಬೀದಿಯಲ್ಲಿ ಮೆರವಣಿಗೆ ಹೊರಟರು. ನಕ್ಕಿದ್ದ ಜನರೇ ಚಪ್ಪಾಳೆ ತಟ್ಟಿದರು.

ಹಿಮದ ಕೆಲಸವೂ ಈ ಇಲಾಖೆಯದೇ. ಹಿಮ ಬಿದ್ದಾಗ ದಿನಗೂಲಿಯ ಮೇಲೆ ಸಾವಿರಾರು ಜನರನ್ನು ಕರೆಯುತ್ತಿದ್ದರು. ಸಲಿಕೆಯಿಂದ ಹಿಮವನ್ನು ಕುದುರೆಗಾಡಿಗಳಿಗೆ ತುಂಬಿ, ಒಯ್ದು ನದಿಗೆ ಸುರಿಯುತ್ತಿದ್ದರು. ಬೀದಿ ಮೊದಲೇ ಚೊಕ್ಕಟವಾಗಿದ್ದರೆ, ಗಾಡಿಗಳು ಅಡ್ಡ ನಿಂತಿರದಿದ್ದರೆ ಈ ಕೆಲಸ ಎಷ್ಟು ಸುಲಭ ಎಂದು ನೀವೇ ಊಹಿಸಿ. ಇದಕ್ಕೆ ಸಾಕ್ಷಿ ಬೇಕೇ? ಒಂದೇ ಬೀದಿಯನ್ನು 1893ರಲ್ಲಿ ಮತ್ತು 1895ರಲ್ಲಿ ತೆಗೆದ ಛಾಯಾಚಿತ್ರಗಳಿವೆ. ಮೊದಲನೆಯದರಲ್ಲಿ ಕಸ, ಹಿಮ ಬೆರೆತ ರಾಶಿ. ಎರಡನೆಯದರಲ್ಲಿ ಕಲ್ಲು ಹಾಸಿನ ಬರಿಯ ನೆಲ.

ನಿಮ್ಮಂಥ ಮಕ್ಕಳಿಗೂ ವೇರಿಂಗ್ ಕೆಲಸ ಕೊಟ್ಟಿದ್ದರು. ಬಡವರು ಕಿಕ್ಕಿರಿದು ವಾಸಿಸುವ ಬೀದಿಗಳಲ್ಲಿ ಮಕ್ಕಳ ಸ್ವಚ್ಛತಾ ಸಂಘಗಳನ್ನು ಕಟ್ಟಿದರು. ಮಕ್ಕಳು ಬಿಲ್ಲೆ ಧರಿಸಿ, ಬೀದಿಗೆ ಕಸ ಎಸೆಯದಂತೆ ಮನೆಯವರಿಗೂ ನೆರೆಯವರಿಗೂ ತಿಳಿಹೇಳುತ್ತಿದ್ದರು. ಬೇರೆ ದೇಶಗಳಿಂದ ಬಂದು ನೆಲೆಸಿದ್ದ ಅನೇಕ ತಂದೆತಾಯಿಗಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವರಿಗೆ ವಿಷಯ ಮುಟ್ಟಿಸಿದವರು ಮಕ್ಕಳೇ. ಆ ವರ್ಷಗಳಲ್ಲಿ ನಗರದ ಮರಣ ಪ್ರಮಾಣವೂ ಇಳಿಯಿತು.

1898ರ ಆರಂಭಕ್ಕೆ ವೇರಿಂಗ್ ಅವರ ಅಧಿಕಾರ ಮುಗಿಯಿತು. ಅದೇ ವರ್ಷ ಅಮೆರಿಕ ಸರ್ಕಾರ ಅವರನ್ನು ಕ್ಯೂಬಾ ದೇಶದ ಹವಾನಾ ನಗರಕ್ಕೆ ಕಳುಹಿಸಿತು. ಹಳದಿ ಜ್ವರದ ತವರಾಗಿದ್ದ ಆ ನಗರವನ್ನು ಸ್ವಚ್ಛಗೊಳಿಸುವ ಯೋಜನೆ ಬೇಕಾಗಿತ್ತು. ವೇರಿಂಗ್ ಅಲ್ಲಿ ಬೀದಿ ಬೀದಿ ನೋಡಿದರು. ಆದರೆ ಮರಳುವಾಗ ಅದೇ ಹಳದಿ ಜ್ವರ ಅವರನ್ನು ಹಿಡಿದಿತ್ತು. 1898ರ ಅಕ್ಟೋಬರ್ 29ರಂದು, 65ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಹಳದಿ ಜ್ವರವನ್ನು ಹರಡುವುದು ಕೆಟ್ಟ ಗಾಳಿಯಲ್ಲ, ಸೊಳ್ಳೆ! ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲೇ ಹೀಗೆ ಹೇಳಿದ್ದರು. ಹೆಚ್ಚಿನವರು ನಂಬಲಿಲ್ಲ. 1900ರಲ್ಲಿ ಅದೇ ಕ್ಯೂಬಾದಲ್ಲಿ ವಾಲ್ಟರ್ ರೀಡ್ ಅವರ ತಂಡ ಪ್ರಯೋಗ ಮಾಡಿ ಅದನ್ನು ಸಿದ್ಧಪಡಿಸಿತು. ಆ ಸೊಳ್ಳೆ ನಮಗೆ ಅಪರಿಚಿತವಲ್ಲ. ನಮ್ಮಲ್ಲಿ ಡೆಂಗ್ಯೂ, ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಯೇ ಅದು. ವೇರಿಂಗ್ ಅವರ ನಂಬಿಕೆ ತಪ್ಪಾಗಿತ್ತು. ಆದರೆ ಬೀದಿಯನ್ನು ದಿನವೂ, ಕ್ರಮವಾಗಿ ಸ್ವಚ್ಛಗೊಳಿಸಬೇಕೆಂಬ ಅವರ ದಾರಿ ಸರಿಯಾಗಿತ್ತು. ವಿಜ್ಞಾನ ತಪ್ಪನ್ನು ತಿದ್ದಿತು, ಒಳ್ಳೆಯದನ್ನು ಜನ ಉಳಿಸಿಕೊಂಡರು.

ಇಂದಿಗೂ ನ್ಯೂಯಾರ್ಕಿನಲ್ಲಿ ಹಿಮ ತೆಗೆಯುವುದು ಕಸ ಎತ್ತುವ ಇಲಾಖೆಯೇ. ಕಸದ ಲಾರಿಯ ಮುಂದೆ ದೊಡ್ಡ ಕಬ್ಬಿಣದ ಹಲಗೆ ಕಟ್ಟಿದರೆ ಅದು ಹಿಮ ತಳ್ಳುವ ಲಾರಿಯಾಗುತ್ತದೆ. ಬೇರೆ ಲಾರಿಗಳು ರಸ್ತೆಗೆ ಉಪ್ಪು ಚೆಲ್ಲುತ್ತವೆ. ಶುದ್ಧ ನೀರು 0° ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಉಪ್ಪು ಬೆರೆತ ನೀರಿಗೆ ಅದಕ್ಕಿಂತ ಹೆಚ್ಚು ಚಳಿ ಬೇಕು. ಆದ್ದರಿಂದ ರಸ್ತೆಯ ಮೇಲೆ ಜಾರುವ ಮಂಜುಗಡ್ಡೆ ಕಟ್ಟುವುದು ತಪ್ಪುತ್ತದೆ. ಆದರೆ ಚಳಿ ತೀರಾ ಹೆಚ್ಚಾದರೆ ಉಪ್ಪೂ ಸೋಲುತ್ತದೆ. ಉಪ್ಪು ಹೆಚ್ಚಾದರೆ ವಾಹನಗಳಿಗೆ ತುಕ್ಕು ಹಿಡಿಯುತ್ತದೆ, ಮಣ್ಣು ಮತ್ತು ಹಳ್ಳಗಳು ಕೆಡುತ್ತವೆ. ಹಾಗಾಗಿ ಅದನ್ನು ಅಳೆದು ಬಳಸಬೇಕು.

ಮಾಡಿ ನೋಡಿ: ಎರಡು ಲೋಟಗಳಲ್ಲಿ ಸಮನಾಗಿ ಮಂಜುಗಡ್ಡೆಯ ಚೂರು ಹಾಕಿ. ಒಂದಕ್ಕೆ ಮಾತ್ರ ಎರಡು ಚಮಚ ಉಪ್ಪು ಬೆರೆಸಿ. ಶಾಲೆಯ ಪ್ರಯೋಗಾಲಯದ ತಾಪಮಾಪಕದಿಂದ ಎರಡರ ಉಷ್ಣತೆಯನ್ನೂ ಅಳೆಯಿರಿ. ಯಾವುದು ಹೆಚ್ಚು ತಣ್ಣಗಿದೆ? ಕುಲ್ಫಿ ಮಾಡುವವರು ಮಂಜುಗಡ್ಡೆಗೆ ಉಪ್ಪು ಏಕೆ ಬೆರೆಸುತ್ತಾರೆ? ಯೋಚಿಸಿ, ನಿಮ್ಮ ವಿಜ್ಞಾನ ಶಿಕ್ಷಕರೊಂದಿಗೆ ಚರ್ಚಿಸಿ.