ಮೂಡಿಗೆರೆ ತೋಟದ ಕಂಪ್ಯೂಟರ್

ಪೂರ್ಣಚಂದ್ರ ತೇಜಸ್ವಿ ಅಂದ ಕೂಡಲೇ ನಮಗೆ ನೆನಪಾಗೋದು ಕರ್ವಾಲೊ, ಹಾರುವ ಓತಿ, ಕೈಯಲ್ಲೊಂದು ಗಾಳ, ಕುತ್ತಿಗೆಯಲ್ಲೊಂದು ಕ್ಯಾಮೆರಾ. ಇಂಜಿನಿಯರಿಂಗ್ ಓದುವ ನಾವು ಅವರ ಇನ್ನೊಂದು ಹುಚ್ಚನ್ನೂ ತಿಳಿದಿರಬೇಕು. ಅದು ಕನ್ನಡ ತಂತ್ರಾಂಶದ ಹುಚ್ಚು.

ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು, ಶಿವಮೊಗ್ಗ ಜಿಲ್ಲೆಯಲ್ಲಿ. ತಂದೆ ಕುವೆಂಪು. ಮೈಸೂರಲ್ಲಿ ಕನ್ನಡ ಎಂ.ಎ. ಮುಗಿಸಿದವರು ಮೇಷ್ಟ್ರ ಕೆಲಸ ಹುಡುಕಿಕೊಂಡು ಹೋಗಲಿಲ್ಲ. ಮೂಡಿಗೆರೆ ಕಡೆ ಕಾಫಿ ತೋಟ ಮಾಡಿ ಅಲ್ಲೇ ಉಳಿದರು. ಅಬಚೂರಿನ ಪೋಸ್ಟಾಫೀಸು, ಕರ್ವಾಲೊ, ಚಿದಂಬರ ರಹಸ್ಯ ಎಲ್ಲ ಬಂದದ್ದು ಆ ತೋಟದಿಂದಲೇ. ಚಿದಂಬರ ರಹಸ್ಯಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸ್ಕೂಟರ್ ಕೆಟ್ಟರೆ ತಾವೇ ಬಿಚ್ಚಿ ಕೂರುವ ಮನುಷ್ಯ. ಕರೆಂಟ್ ಕೈಕೊಡುವ ಮಲೆನಾಡಿನ ಮೂಲೆಯಲ್ಲಿ ಕಂಪ್ಯೂಟರ್ ತಂದಿಟ್ಟುಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಅವರದ್ದೇ ಪ್ರಕಾಶನ, ಹೆಸರು ಪುಸ್ತಕ ಪ್ರಕಾಶನ. ಪುಟ ಜೋಡಣೆ, ಮುಖಪುಟಕ್ಕೆಲ್ಲ ತಾವೇ ಕೈ ಹಾಕುತ್ತಿದ್ದರು. ಆಗಿನ ಕನ್ನಡ ಫಾಂಟುಗಳ ಕಥೆ ಈಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಿದ್ದರು. ಕಣ್ಣಿಗೆ ಕನ್ನಡ, ಯಂತ್ರದ ಲೆಕ್ಕಕ್ಕೆ ಇಂಗ್ಲಿಷಿನ ಕಲಸುಮೇಲೋಗರ. ಒಂದು ತಂತ್ರಾಂಶದಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆರೆದರೆ ಏನೂ ಓದಲಾಗದು. ಹುಡುಕೋದು, ಅಕಾರಾದಿಯಲ್ಲಿ ಜೋಡಿಸೋದು ದೂರದ ಮಾತು. ಇಷ್ಟಕ್ಕೂ ಫಾಂಟ್ ಹಾಕಿಕೊಳ್ಳೋದೇ ಹೊಸಬರಿಗೆ ದೊಡ್ಡ ಪರೀಕ್ಷೆ.

ಇದು ಬರಹಗಾರರ ಸಣ್ಣ ತಾಪತ್ರಯ ಅಂತ ತೇಜಸ್ವಿ ಬಿಡಲಿಲ್ಲ. ಕಂಪ್ಯೂಟರಿನೊಳಗೆ ಹೋಗಲಾಗದ ಭಾಷೆ ಕಚೇರಿಯಿಂದ, ಶಾಲೆಯಿಂದ, ಕೊನೆಗೆ ಬದುಕಿನಿಂದಲೇ ಜಾರುತ್ತದೆ ಎಂಬುದು ಅವರ ಆತಂಕ. ಕೊನೆಯ ವರ್ಷಗಳಲ್ಲಿ ಕಥೆ ಬರೆಯುವ ಸಮಯವನ್ನು ಇದಕ್ಕೆ ಸುರಿದರು. ಅದು ನಷ್ಟವಾಯಿತು ಅನ್ನುವ ಓದುಗರಿದ್ದಾರೆ; ನಮಗೆ ಹಾಗನಿಸಲ್ಲ. ಹಾಸನದ ಮಾರುತಿ ತಂತ್ರಾಂಶ ಅಭಿವೃದ್ಧಿಗಾರರನ್ನು ಹುರಿದುಂಬಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ಬಂದ ಕುವೆಂಪು ಕನ್ನಡ ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು.

ಹಂಪಿ ಆಗ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಅಲ್ಲಿಂದ ಹರಿದ ತುಂಗಭದ್ರೆಯೇ ಸಿರುಗುಪ್ಪದ ಕೆಂಚನಗುಡ್ಡಕ್ಕೆ ಬರೋದು. ಆ ಊರಿನ ಗದ್ದೆಯಿಂದ ಎದ್ದು ಬಂದ ಹುಡುಗ ಮೊದಲ ಸಲ ಲಿನಕ್ಸ್ ತೆರೆದು, ಸೆಟ್ಟಿಂಗ್ಸ್ ಮುಂದೆ ಕಣ್ಣು ಕಣ್ಣು ಬಿಡೋದನ್ನು ಊಹಿಸಿ. ತಪ್ಪು ಅವನದಾ? ಕರ್ವಾಲೊದಲ್ಲಿ ಊರವರು ದಂಡಪಿಂಡ ಅಂದುಕೊಂಡ ಮಂದಣ್ಣನೇ ಹಾರುವ ಓತಿಯನ್ನು ಕಂಡವನು; ವಿಜ್ಞಾನಿ ಕರ್ವಾಲೊ ಅವನ ಮಾತನ್ನು ಕಿವಿಗೊಟ್ಟು ಕೇಳುತ್ತಾರೆ. ಸೆಟ್ಟಿಂಗ್ಸ್ ಬರೆಯುವವರು ಆ ಕಾದಂಬರಿಯನ್ನು ಓದಿದರೆ ಚೆನ್ನಾಗಿತ್ತು. ಹೊಸಬ ತಡವರಿಸುವ ಜಾಗದಲ್ಲೇ ತಂತ್ರಾಂಶದ ಹುಳುಕು ಸಿಗೋದು.

2007ರ ಏಪ್ರಿಲ್ 5ರಂದು ತೇಜಸ್ವಿ ಮೂಡಿಗೆರೆಯ ತಮ್ಮ ಮನೆ ನಿರುತ್ತರದಲ್ಲಿ ತೀರಿಕೊಂಡರು. ಆಗ 68 ವರ್ಷ. ಯೂನಿಕೋಡ್ ಕನ್ನಡ ಇನ್ನೂ ಮನೆಮಾತಾಗಿರಲಿಲ್ಲ.

ಇವತ್ತು ಲಿನಕ್ಸಿನಲ್ಲಿ ಕಗಪ ಕೀಲಿಮಣೆ ಇದೆ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರಕ್ಕೆ ನಡುವೆ ಎಫ್. ಹತ್ತು ನಿಮಿಷದಲ್ಲಿ ಕೈಗೆ ಹತ್ತುತ್ತೆ. ಆದರೆ ಗ್ನೋಮ್‌ನಲ್ಲಿ ಅದು ಸಿಗಬೇಕಾದರೆ ಸೆಟ್ಟಿಂಗ್ಸ್, ಕೀಬೋರ್ಡ್, ಪ್ಲಸ್ ಗುರುತು, ಆಮೇಲೆ ಮೂರು ಚುಕ್ಕಿ ದಾಟಿ ಹುಡುಕಬೇಕು. ಆ ಮೂರು ಚುಕ್ಕಿ ಒತ್ತಬಹುದು ಅಂತ ನಮ್ಮಲ್ಲೂ ಬಹಳ ಜನಕ್ಕೆ ಸೀನಿಯರ್‌ಗಳು ತೋರಿಸಿದ ಮೇಲೇ ಗೊತ್ತಾಗಿದ್ದು.