ಸರ್ ಸಿ.ವಿ. ರಾಮನ್ ಮತ್ತು ಎಲೆಯ ಹಸಿರು

ಅಟ್ಟೂರಿನಿಂದ ಯಲಹಂಕವನ್ನು ಹಾಯ್ದು ಬಳ್ಳಾರಿ ರಸ್ತೆಯಲ್ಲಿ ನಗರದ ಕಡೆಗೆ ಸಾಗಿದರೆ ಮೊದಲು ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣವೂ, ಮುಂದೆ ಹೆಬ್ಬಾಳದ ಕೆರೆಯೂ ಕಾಣುತ್ತವೆ. ಅಲ್ಲಿಂದ ಮೇಖ್ರಿ ವೃತ್ತವನ್ನು ದಾಟಿದರೆ ಮರಗಿಡಗಳಿಂದ ತುಂಬಿದ ಇನ್ನೊಂದು ಆವರಣ ಸಿಗುತ್ತದೆ. ಅದು ರಾಮನ್ ಸಂಶೋಧನಾ ಸಂಸ್ಥೆ. ಭೌತವಿಜ್ಞಾನಕ್ಕೆ ನೊಬೆಲ್ ಬಹುಮಾನ ಪಡೆದವರೆಂದು ಸರ್ ಸಿ.ವಿ. ರಾಮನ್ ಅವರನ್ನು ತಾವೆಲ್ಲರೂ ಬಲ್ಲಿರಿ. ಆದರೆ ತಮ್ಮ ಬಾಳಿನ ಕೊನೆಯ ದಶಕವನ್ನು ಅವರು ಹೂವಿನ ಬಣ್ಣ ಮತ್ತು ಎಲೆಯ ಹಸಿರನ್ನು ಪರೀಕ್ಷಿಸುವುದರಲ್ಲಿ ಕಳೆದರೆಂಬ ಸಂಗತಿ ಕೃಷಿಕರಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ದಿನವೂ ಹಸಿರನ್ನೇ ನೋಡಿ ಬೆಳೆಯ ಯೋಗಕ್ಷೇಮ ತಿಳಿಯುವ ತಮಗೆ ಆ ಸಂಗತಿ ಉಪಯುಕ್ತವೆಂದು ಭಾವಿಸಿ ಇಲ್ಲಿ ನಿರೂಪಿಸಲಾಗಿದೆ.

ಚಂದ್ರಶೇಖರ ವೆಂಕಟರಾಮನ್ ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಂ.ಎ. ಮುಗಿಸಿ 1907ರಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಹಗಲು ಲೆಕ್ಕಪತ್ರಗಳ ಕೆಲಸ. ಕಚೇರಿಗೆ ಮುನ್ನವೂ ಅನಂತರವೂ ಪ್ರಯೋಗಶಾಲೆಯ ಕೆಲಸ. ಹತ್ತು ವರ್ಷ ಹೀಗೆ ದುಡಿದು 1917ರಲ್ಲಿ ಕಡಿಮೆ ಸಂಬಳದ ಪ್ರಾಧ್ಯಾಪಕ ಹುದ್ದೆಗೆ ಬಂದರು.

1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಹಿಂದಿರುಗುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರ ಗಮನ ಸೆಳೆಯಿತು. ಆಕಾಶದ ಪ್ರತಿಬಿಂಬದಿಂದಲೇ ಸಮುದ್ರ ನೀಲಿಯಾಗಿ ಕಾಣುತ್ತದೆಂಬುದು ಅಂದಿನ ಪ್ರಬಲ ಅಭಿಪ್ರಾಯವಾಗಿತ್ತು. ಅವರ ಬಳಿ ಮೇಲ್ಮೈಯ ಪ್ರತಿಫಲನವನ್ನು ತಡೆಯಬಲ್ಲ ಚಿಕ್ಕ ಸ್ಫಟಿಕವೊಂದಿತ್ತು. ಅದರ ಮೂಲಕ ನೋಡಿದಾಗ ನೀರಿನ ನೀಲಿ ಅಳಿಯಲಿಲ್ಲ, ಇನ್ನಷ್ಟು ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಂದು ಅವರು ತೋರಿಸಿಕೊಟ್ಟರು. ಆ ದಾರಿಯಲ್ಲೇ ಮುಂದುವರಿದು 1928ರ ಫೆಬ್ರವರಿ 28ರಂದು, ಕೆ.ಎಸ್. ಕೃಷ್ಣನ್ ಅವರ ಸಹಕಾರದೊಂದಿಗೆ, ರಾಮನ್ ಪರಿಣಾಮವನ್ನು ಕಂಡುಹಿಡಿದರು. 1930ರಲ್ಲಿ ನೊಬೆಲ್ ಬಹುಮಾನ ಬಂತು.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಮರುವರ್ಷವೇ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಆಡಳಿತದಲ್ಲಿ ಭಿನ್ನಾಭಿಪ್ರಾಯಗಳು ಬೆಳೆದು 1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯಿತಾದರೂ 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿ ಉಳಿದರು. ಮೈಸೂರು ಮಹಾರಾಜರು ಅಕಾಡೆಮಿಗೆ ನೀಡಿದ್ದ ಭೂಮಿಯಲ್ಲಿ ತಮ್ಮದೇ ಸಂಸ್ಥೆಯನ್ನು ಕಟ್ಟಿದ್ದು ನಿವೃತ್ತಿಯ ಆ ಸಂದರ್ಭದಲ್ಲಿ. ಕಟ್ಟಡಗಳಿಗೆ ತೋರಿದಷ್ಟೇ ಕಾಳಜಿಯನ್ನು ಅವರು ಅಲ್ಲಿನ ಮರಗಳಿಗೂ ಗುಲಾಬಿಗಳಿಗೂ ತೋರಿದರು.

ಎಪ್ಪತ್ತರ ವಯಸ್ಸು ದಾಟಿದ ಮೇಲೆ ಅವರು ಕೈಗೆತ್ತಿಕೊಂಡ ವಿಷಯ ಬಣ್ಣ. ಉಪಕರಣ ಬಹಳ ಸರಳ: ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿ ತೋರಿಸುವ ರೋಹಿತದರ್ಶಕ ಮತ್ತು ಸ್ವಂತ ಕಣ್ಣು. 1963ರಿಂದ ಈ ಕುರಿತ ಲೇಖನಮಾಲೆ ಪ್ರಕಟವಾಯಿತು. 1968ರಲ್ಲಿ ದೃಷ್ಟಿಯ ಶರೀರಕ್ರಿಯೆಯನ್ನು ಕುರಿತ ಗ್ರಂಥ ಹೊರಬಂತು.

ಎಲೆಯ ಹಸಿರಿಗೆ ಕಾರಣ ಪತ್ರಹರಿತ್ತು ಎಂಬುದು ಶಾಲೆಯ ಪಾಠ. ಸಮುದ್ರದ ನೀಲಿಯಲ್ಲಿ ಚದುರುವಿಕೆಗೆ ಪಾತ್ರವಿದ್ದರೆ ಎಲೆಯ ಹಸಿರು ಮುಖ್ಯವಾಗಿ ಹೀರಿಕೆಯ ಫಲ. ಪತ್ರಹರಿತ್ತು ಬಿಸಿಲಿನ ನೀಲಿ ಮತ್ತು ಕೆಂಪು ಭಾಗಗಳನ್ನು ಬಲವಾಗಿ ಹೀರುತ್ತದೆ, ಹಸಿರು ಭಾಗವನ್ನು ದುರ್ಬಲವಾಗಿ ಹೀರುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಎಲೆ ಹಸಿರು ಬೆಳಕನ್ನು ಪೂರ್ತಿಯಾಗಿ ತಿರಸ್ಕರಿಸುತ್ತದೆಂದು ಅನೇಕರು ನಂಬಿದ್ದಾರೆ, ಅದು ನಿಜವಲ್ಲ. ಎಲೆಯೊಳಗಿನ ಜೀವಕೋಶಗಳ ನಡುವೆ ಗಾಳಿಯ ಎಡೆಗಳಿರುವುದರಿಂದ ಬೆಳಕು ಒಳಗೆ ಹಲವು ಬಾರಿ ಅತ್ತಿತ್ತ ತಿರುಗುತ್ತದೆ, ಹಾಗೆ ತಿರುಗುತ್ತ ಹಸಿರು ಬೆಳಕಿನ ಬಹುಪಾಲೂ ಕೊನೆಗೆ ಹೀರಲ್ಪಟ್ಟು ಆಹಾರ ತಯಾರಿಕೆಗೆ ಒದಗುತ್ತದೆ. ನಮ್ಮ ಕಣ್ಣಿಗೆ ಬರುವುದು ಉಳಿದ ಅಲ್ಪ ಪಾಲು ಮಾತ್ರ. ಆ ಅಲ್ಪ ಪಾಲೇ ಇಡೀ ಬಯಲನ್ನು ಹಸಿರಾಗಿ ಕಾಣಿಸಲು ಇನ್ನೊಂದು ಕಾರಣವೂ ಇದೆ: ಹಗಲಿನಲ್ಲಿ ಮನುಷ್ಯನ ಕಣ್ಣು ಅತಿ ಚುರುಕಾಗಿರುವುದು ಸುಮಾರು 555 ನ್ಯಾನೊಮೀಟರ್ ಅಲೆಯುದ್ದದ ಹಸಿರು ಬೆಳಕಿಗೆ.

ರಾಮನ್ ಅವರನ್ನು ಕಾಡಿದ್ದು ಪ್ರಶ್ನೆಯ ಈ ಎರಡನೆಯ ಅರ್ಧ. ಎಲೆ ಏನು ಮಾಡುತ್ತದೆಂಬುದು ಸಸ್ಯವಿಜ್ಞಾನಿಗಳಿಗೆ ತಿಳಿದಿತ್ತು. ಕಣ್ಣು ಏನು ಮಾಡುತ್ತದೆ? ಎಲೆಯಿಂದ ಬರುವ ಬೆಳಕನ್ನು ಬಿಡಿಸಿ ನೋಡಿದರೆ ಅದರಲ್ಲಿ ಹಸಿರಷ್ಟೇ ಅಲ್ಲದೆ ಹಳದಿಯೂ ಸ್ವಲ್ಪ ಕೆಂಪೂ ಇರುತ್ತವೆ. ಆದರೂ ಕಣ್ಣು ಹಸಿರೆಂದೇ ತೀರ್ಪು ಕೊಡುತ್ತದೆ. ವಸ್ತುವಿನ ಬಣ್ಣವನ್ನು ನಿರ್ಧರಿಸುವಲ್ಲಿ ರೋಹಿತದ ಹಳದಿ ಪಟ್ಟಿ ಉಳಿದಿದೆಯೋ ಅಳಿದಿದೆಯೋ ಎಂಬುದಕ್ಕೆ ಅವರು ವಿಶೇಷ ಮಹತ್ವ ಕೊಟ್ಟರು.

ಇಲ್ಲಿಗೇ ನಿಂತಿದ್ದರೆ ವಿವಾದವಿರುತ್ತಿರಲಿಲ್ಲ. ಕಣ್ಣಿನಲ್ಲಿ ಮೂರು ಬಗೆಯ ಬಣ್ಣಗ್ರಾಹಕಗಳಿವೆಯೆಂಬ ಪ್ರಚಲಿತ ಸಿದ್ಧಾಂತವನ್ನೇ ಅವರು ನಿರಾಕರಿಸಿ ತಮ್ಮದೇ ಸಿದ್ಧಾಂತವನ್ನು ಮುಂದಿಟ್ಟರು. ಅದೇ ಅರವತ್ತರ ದಶಕದಲ್ಲಿ ಬೇರೆಡೆಯ ಪ್ರಯೋಗಗಳು ಆ ಮೂರು ಗ್ರಾಹಕಗಳನ್ನು ನೇರವಾಗಿ ಅಳೆದು ತೋರಿಸುತ್ತಿದ್ದವು. ರಾಮನ್ ಅವರ ಸಿದ್ಧಾಂತವನ್ನು ವಿಜ್ಞಾನಲೋಕ ಒಪ್ಪಲಿಲ್ಲ. ಸಮುದ್ರದ ವಿಷಯದಲ್ಲಿ ದೊಡ್ಡವರ ಮಾತನ್ನು ಸಂದೇಹಿಸಿ ಗೆದ್ದ ಅದೇ ಸ್ವಭಾವ ಇಲ್ಲಿ ಅವರನ್ನು ಒಂಟಿಯಾಗಿಸಿತೆಂದು ಹೇಳಬೇಕಾಗುತ್ತದೆ. ಹಾಗೆಂದು ಆ ವರ್ಷಗಳ ದುಡಿಮೆಯೆಲ್ಲ ವ್ಯರ್ಥವೆನ್ನುವುದು ನ್ಯಾಯವಲ್ಲ; ಅವರ ಸಿದ್ಧಾಂತ ಬಿದ್ದುಹೋಯಿತು, ಹೂವು ಎಲೆಗಳ ಬೆಳಕನ್ನು ಎದುರಿಗಿಟ್ಟುಕೊಂಡು ನೋಡಿ ಬರೆದ ವಿವರಗಳು ಉಳಿದಿವೆ.

ಅಂತಹ ನೋಟವನ್ನು ತಾವೂ ಪ್ರಯತ್ನಿಸಬಹುದು. ಬೆಂಕಿಯಿಂದ ದೂರದಲ್ಲಿ, ಒಂದು ಹಿಡಿ ಸೊಪ್ಪನ್ನು ಜಜ್ಜಿ ಸ್ಪಿರಿಟ್‌ನಲ್ಲಿ ನೆನೆಸಿ ಸೋಸಿರಿ. ಗಾಜಿನ ಲೋಟದಲ್ಲಿ ಆ ರಸವನ್ನು ಬೆಳಕಿಗೆ ಎದುರಾಗಿ ಹಿಡಿದರೆ ಹಸಿರಾಗಿ ಕಾಣುತ್ತದೆ. ಬಿಸಿಲು ಬೀಳುವ ಪಕ್ಕದಿಂದ ನೋಡಿದರೆ ಅದೇ ರಸ ಮಂದವಾದ ಕೆಂಪು ಹೊಳಪನ್ನು ಸೂಸುತ್ತದೆ. ಹೀರಿದ ಬೆಳಕನ್ನು ಆಹಾರವಾಗಿಸಲು ಜೀವಂತ ಎಲೆಯ ವ್ಯವಸ್ಥೆ ಇಲ್ಲದ ಕಾರಣ ಪತ್ರಹರಿತ್ತು ಅದರ ಒಂದಂಶವನ್ನು ಕೆಂಪಾಗಿ ಹೊರಹಾಕುತ್ತದೆ.

ಪತ್ರಹರಿತ್ತಿನ ಒಂದು ಅಣುವಿನಲ್ಲಿ ನಾಲ್ಕು ಸಾರಜನಕದ ಪರಮಾಣುಗಳೂ ನಡುವೆ ಒಂದು ಮೆಗ್ನೀಷಿಯಂ ಪರಮಾಣುವೂ ಇರುತ್ತವೆ. ಆದ್ದರಿಂದಲೇ ಈ ಪೋಷಕಾಂಶಗಳ ಕೊರತೆ ಮೊದಲು ಬಣ್ಣದಲ್ಲಿ ಕಾಣಿಸಿಕೊಳ್ಳುತ್ತದೆ. ಸಾರಜನಕ ಕಡಿಮೆಯಾದಾಗ ಕೆಳಗಿನ ಹಳೆಯ ಎಲೆಗಳು ಪೂರ್ತಿಯಾಗಿ ಹಳದಿಗೆ ತಿರುಗುತ್ತವೆ. ಮೆಗ್ನೀಷಿಯಂ ಕೊರತೆಯಲ್ಲೂ ಹಳೆಯ ಎಲೆಗಳೇ ಹಳದಿಯಾಗುತ್ತವೆ, ಆದರೆ ನರಗಳು ಹಸಿರಾಗಿ ಉಳಿಯುತ್ತವೆ. ಕಬ್ಬಿಣ ಅಣುವಿನ ಭಾಗವಲ್ಲದಿದ್ದರೂ ಪತ್ರಹರಿತ್ತಿನ ತಯಾರಿಕೆಗೆ ಬೇಕು. ಅದರ ಕೊರತೆ ಚಿಗುರೆಲೆಗಳಲ್ಲಿ ತೋರುತ್ತದೆ. ಅಟ್ಟೂರಿನ ಮಾಳಿಗೆ ತೋಟದ ಕುಂಡದಲ್ಲಾಗಲಿ ಎಕರೆಗಟ್ಟಲೆ ಹೊಲದಲ್ಲಾಗಲಿ ಈ ಲಕ್ಷಣಗಳು ಒಂದೇ. ಹಳದಿ ಕಂಡೊಡನೆ ಯೂರಿಯಾ ಎರಚುವ ಮುನ್ನ ಯಾವ ಎಲೆ ಹಳದಿಯಾಗಿದೆ ಎಂಬುದನ್ನು ದಯವಿಟ್ಟು ಗಮನಿಸಿರಿ.

ಬತ್ತದ ಬೆಳೆಗಾರರಿಗೆ ಮೇಲುಗೊಬ್ಬರದ ಸಮಯ ತಿಳಿಯಲು ಎಲೆ ಬಣ್ಣದ ಪಟ್ಟಿ ಬಳಕೆಗೆ ಬಂದದ್ದು ರಾಮನ್ ಅವರ ಕಾಲದ ನಂತರ. ಆದರೂ ಅದರ ನಿಯಮಗಳೆಲ್ಲ ಕಣ್ಣಿನ ಸ್ವಭಾವವನ್ನು ಬಲ್ಲವರು ಮಾಡಿದಂಥವು. ಪೂರ್ತಿ ಬಿಚ್ಚಿದ ಮೇಲಿನ ಎಲೆಯ ಮಧ್ಯಭಾಗವನ್ನು ಪಟ್ಟಿಯೊಡನೆ ಹೋಲಿಸಬೇಕು. ಬೆನ್ನನ್ನು ಸೂರ್ಯನ ಕಡೆ ಮಾಡಿ ಎಲೆಯ ಮೇಲೆ ತಮ್ಮ ನೆರಳು ಬೀಳುವಂತೆ ನಿಲ್ಲಬೇಕು. ಪ್ರತಿ ಸಲವೂ ಅದೇ ಹೊತ್ತಿನಲ್ಲಿ, ಅದೇ ವ್ಯಕ್ತಿ ನೋಡಬೇಕು. ಬೆಳಕು ಬದಲಾದರೆ, ನೋಡುವ ಕಣ್ಣು ಬದಲಾದರೆ, ಅದೇ ಎಲೆ ಬೇರೆ ಹಸಿರಾಗಿ ತೋರುತ್ತದೆ.

1970ರ ಅಕ್ಟೋಬರ್ 2ರಂದು ರಾಮನ್ ಅವರು ತಮ್ಮ ಸಂಸ್ಥೆಯಲ್ಲಿ ಗಾಂಧಿ ಸ್ಮಾರಕ ಉಪನ್ಯಾಸ ನೀಡಿದರು, ಅದೇ ಕೊನೆಯದಾಯಿತು. ಆ ತಿಂಗಳು ಮುಗಿಯುವ ಹೊತ್ತಿಗೆ ಪ್ರಯೋಗಶಾಲೆಯಲ್ಲಿ ಕುಸಿದುಬಿದ್ದರು. ಆಸ್ಪತ್ರೆಯಲ್ಲಿ ಸ್ವಲ್ಪ ಚೇತರಿಸಿಕೊಂಡ ಬಳಿಕ ಅಲ್ಲಿ ಉಳಿಯಲು ಒಪ್ಪದೆ, ತಾವು ಬೆಳೆಸಿದ ಹೂಗಿಡಗಳ ನಡುವೆಯೇ ಕೊನೆಯ ದಿನಗಳನ್ನು ಕಳೆಯಲು ಹಿಂದಿರುಗಿದರು. ನವೆಂಬರ್ 21ರಂದು ನಿಧನರಾದರು. ಸಂಸ್ಥೆಯ ಆವರಣದಲ್ಲೇ ಅಂತ್ಯಸಂಸ್ಕಾರ ನಡೆಯಿತು. ಆ ಸ್ಥಳದಲ್ಲಿ ಸಮಾಧಿಯನ್ನು ಕಟ್ಟಲಿಲ್ಲ, ಒಂದು ಮರವನ್ನು ನೆಟ್ಟರು.